ಕಪ್ಪಾದ ಕಪ್ಪೆ ಹೇಳುವ ಲೆಕ್ಕ

ನೀಲಿ ನಾಯಿಗಳ ಚಿತ್ರವನ್ನು ನೀವೂ ನೋಡಿರಬಹುದು. 2025ರ ಅಕ್ಟೋಬರ್‌ನಲ್ಲಿ ಜಗತ್ತನ್ನೆಲ್ಲ ಸುತ್ತಿ ಬಂದ ಚಿತ್ರ ಅದು. ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ಸುತ್ತ ಅಲೆಯುವ ನಾಯಿಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಕಡುನೀಲಿ ಬಣ್ಣಕ್ಕೆ ತಿರುಗಿದ್ದವು. ‘ನೋಡಿ, ವಿಕಿರಣದ ಮಹಿಮೆ’ ಎಂದು ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆ ನಾಯಿಗಳ ಆರೈಕೆ ನೋಡಿಕೊಳ್ಳುವ ತಂಡದವರು ಕೆಲವೇ ದಿನಗಳಲ್ಲಿ ಸಂಗತಿ ತಿಳಿಸಿದರು. ವಿಕಿರಣವೂ ಇಲ್ಲ, ಮಹಿಮೆಯೂ ಇಲ್ಲ. ತಾತ್ಕಾಲಿಕ ಶೌಚಾಲಯವೊಂದರ ನೀಲಿ ರಾಸಾಯನಿಕದಲ್ಲಿ ಅವು ಹೊರಳಾಡಿರಬೇಕು, ಅಷ್ಟೆ.

ನಾಯಿಯ ನೀಲಿ ತೊಳೆದರೆ ಹೋಗುತ್ತದೆ. ಆದರೆ ಅದೇ ಚೆರ್ನೋಬಿಲ್‌ನ ಕುಂಟೆಗಳಲ್ಲಿ ತೊಳೆದರೂ ಹೋಗದ ಬಣ್ಣದ ಇನ್ನೊಂದು ಪ್ರಾಣಿ ಇದೆ. ಅದು ಮರಗಪ್ಪೆ. ನಮ್ಮ ಹೆಬ್ಬೆರಳ ಗಾತ್ರದ ಈ ಕಪ್ಪೆ ಪೂರ್ವ ಯುರೋಪಿನಲ್ಲೆಲ್ಲ ಎಳೆ ಬಾಳೆಯೆಲೆಯಂಥ ಹಸಿರು ಬಣ್ಣದ್ದು. 2016ರಲ್ಲಿ ಸ್ಪೇನಿನ ಜೀವವಿಜ್ಞಾನಿ ಹರ್ಮಾನ್ ಒರಿಸಾವೋಲಾ ಒಂದು ರಾತ್ರಿ ಸ್ಥಾವರದ ಸಮೀಪ ಟಾರ್ಚ್ ಹಿಡಿದು ಹುಡುಕುತ್ತಿದ್ದಾಗ ಕಂಡದ್ದು ಹಸಿರು ಕಪ್ಪೆಯಲ್ಲ, ಇದ್ದಿಲಿನಂಥ ಕಪ್ಪು ಕಪ್ಪೆ. ಒಂದನ್ನು ನೋಡಿ ವಿಜ್ಞಾನಿಗಳು ಏನನ್ನೂ ಹೇಳುವುದಿಲ್ಲ. ಅವರೂ ಅವರ ಸಂಗಾತಿ ಪಾಬ್ಲೊ ಬುರಾಕೊ ಅವರೂ ಮುಂದಿನ ಮೂರು ವರ್ಷ 12 ಕುಂಟೆಗಳಲ್ಲಿ 200ಕ್ಕೂ ಹೆಚ್ಚು ಗಂಡು ಕಪ್ಪೆಗಳನ್ನು ಹಿಡಿದು, ಬೆನ್ನಿನ ಬಣ್ಣ ಅಳೆದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಷೇಧಿತ ವಲಯದೊಳಗಿನ ಕಪ್ಪೆಗಳು ಹೊರಗಿನವುಗಳಿಗಿಂತ ಸರಾಸರಿ ಶೇಕಡಾ 40ಕ್ಕೂ ಹೆಚ್ಚು ಕಪ್ಪಾಗಿದ್ದವು.

ಏಕಿರಬಹುದು? ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವೇ ಕಪ್ಪೆಗೂ ಕಪ್ಪು ಬಣ್ಣ ಕೊಡುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ಅದು ಕೊಡೆಯಂತೆ ತಡೆಯುತ್ತದೆಂಬುದು ಗೊತ್ತಿರುವ ವಿಷಯ. ಪರಮಾಣು ವಿಕಿರಣದ ಹಾವಳಿಯನ್ನೂ ಅದು ಒಂದಿಷ್ಟು ತಗ್ಗಿಸಬಲ್ಲದು. ವಿಕಿರಣ ಜೀವಕೋಶದೊಳಗೆ ನುಗ್ಗಿದಾಗ ಅಲ್ಲಿನ ನೀರಿನ ಕಣಗಳನ್ನು ಒಡೆದು ಪುಂಡ ಅಣುಗಳನ್ನು ಹುಟ್ಟಿಸುತ್ತದೆ. ಆ ಪುಂಡರು ಸಿಕ್ಕಸಿಕ್ಕಿದ್ದನ್ನು ಕಚ್ಚುತ್ತ, ಕೊನೆಗೆ ವಂಶದ ವಿವರವನ್ನೆಲ್ಲ ಬರೆದಿಟ್ಟ ಡಿಎನ್‌ಎ ಎಳೆಯನ್ನೇ ತುಂಡರಿಸುತ್ತಾರೆ. ಮೆಲನಿನ್ ಅವರಲ್ಲಿ ಕೆಲವರನ್ನು ಹಿಡಿದು ಸುಮ್ಮನಾಗಿಸುತ್ತದೆ.

ಇಲ್ಲಿಯವರೆಗೆ ಕತೆ ಸರಳವಾಗಿದೆ. ‘ಕಪ್ಪೆ ಜಾಣ. ವಿಕಿರಣ ಬಂತು, ಕಪ್ಪು ಅಂಗಿ ತೊಟ್ಟಿತು’ ಎಂದು ಪತ್ರಿಕೆಗಳೂ ಬರೆದವು. ತೊಡಕಿರುವುದು ಇಲ್ಲೇ. ಕಪ್ಪೆಗಳ ಬಣ್ಣಕ್ಕೂ ಅವು ಈಗ ಇರುವ ಕುಂಟೆಯ ವಿಕಿರಣಕ್ಕೂ ತಾಳೆಯಾಗಲಿಲ್ಲ. ಇಂದು ವಿಕಿರಣ ಕಡಿಮೆಯಿರುವ ಕುಂಟೆಯಲ್ಲೂ ಕರಿಗಪ್ಪೆಗಳಿದ್ದವು. ತಾಳೆಯಾದದ್ದು ಬೇರೊಂದು ನಕ್ಷೆಗೆ: 1986ರಲ್ಲಿ ಎಲ್ಲೆಲ್ಲಿ ಅತಿಹೆಚ್ಚು ವಿಕಿರಣ ಬಿದ್ದಿತ್ತೋ ಅದರ ನಕ್ಷೆಗೆ.

ಹಾಗಾಗಿ ಕಪ್ಪೆಯ ಬೆನ್ನನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಾವು ಆ ವರ್ಷಕ್ಕೇ ಹೋಗಬೇಕು.

1986ರ ಏಪ್ರಿಲ್ 26ರ ನಡುರಾತ್ರಿ 1 ಗಂಟೆ 23 ನಿಮಿಷಕ್ಕೆ ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿಯಿತು. ಹತ್ತು ದಿನ ಅದು ಉಗುಳುತ್ತಲೇ ಇತ್ತು. ಪಕ್ಕದ ಪ್ರಿಪ್ಯಾಟ್ ಪಟ್ಟಣದ ಸುಮಾರು 49 ಸಾವಿರ ಜನರನ್ನು ಮರುದಿನ ಸಾವಿರಕ್ಕೂ ಹೆಚ್ಚು ಬಸ್ಸುಗಳಲ್ಲಿ ತುಂಬಿ ಸಾಗಿಸಲಾಯಿತು. ಮೂರು ದಿನಕ್ಕಾಗುವಷ್ಟು ಗಂಟುಮೂಟೆ ಕಟ್ಟಿಕೊಂಡು ಹೋದವರು ಮತ್ತೆಂದೂ ಮನೆಗೆ ಮರಳಲಿಲ್ಲ. ಆ ವರ್ಷವೇ ಒಂದು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಅವರು ಬಿಟ್ಟುಹೋದ ನೆಲ ಉಕ್ರೇನ್ ಮತ್ತು ಬೆಲಾರುಸ್ ಎರಡೂ ಕಡೆ ಸೇರಿ ನಮ್ಮ ಇಡೀ ಕೊಡಗು ಜಿಲ್ಲೆಗಿಂತ ದೊಡ್ಡದು.

ಬಸ್ಸು ಬಂದದ್ದು ಮನುಷ್ಯರಿಗೆ ಮಾತ್ರ. ಉಳಿದ ಜೀವಿಗಳಿಗೆ ಯಾರು ಬಸ್ಸು ಕಳಿಸುತ್ತಾರೆ? ಸ್ಥಾವರದ ಪಶ್ಚಿಮಕ್ಕಿದ್ದ ಪೈನ್ ಕಾಡು ಕೆಲವೇ ವಾರಗಳಲ್ಲಿ ಇಟ್ಟಿಗೆ ಕೆಂಪಾಗಿ ನಿಂತಲ್ಲೇ ಸತ್ತಿತು. ಇಂದಿಗೂ ಅದಕ್ಕೆ ‘ಕೆಂಪು ಕಾಡು’ ಎಂದೇ ಹೆಸರು. ಆ ಮರಗಳನ್ನು ಬುಲ್‌ಡೋಜರಿನಿಂದ ಕೆಡವಿ ಮಣ್ಣಿನಲ್ಲಿ ಹೂಳಿದರು. ಸ್ಥಾವರದಿಂದ ಮೂರರಿಂದ ಏಳು ಕಿಲೊಮೀಟರ್ ದೂರದ ಕಾಡಿನ ತರಗೆಲೆಯ ಕೆಳಗಿದ್ದ ಹುಳುಹುಪ್ಪಟೆಗಳ ಸಂಖ್ಯೆ ಎರಡೇ ತಿಂಗಳಲ್ಲಿ ಮೂವತ್ತರಲ್ಲೊಂದು ಪಾಲಿಗೆ ಇಳಿಯಿತು. ಕಾಡಿಲಿಗಳು ಸತ್ತವು. ಜನ ಬಿಟ್ಟುಹೋದ ನಾಯಿಗಳನ್ನು ಸೈನಿಕರು ಗುಂಡಿಟ್ಟು ಕೊಂದರು.

ಈಗ ಕಪ್ಪೆಯ ಕಡೆಗೆ ತಿರುಗೋಣ. ಯಾವ ಕಪ್ಪೆಯೂ ಅಂದು ಕಪ್ಪು ಅಂಗಿ ತೊಡಲಿಲ್ಲ. ಹಸಿರು ಕಪ್ಪೆಗಳ ಗುಂಪಿನಲ್ಲಿ ಹುಟ್ಟಿನಿಂದಲೇ ಒಂದಿಷ್ಟು ಕಪ್ಪಾದವು ಮೊದಲೂ ಇದ್ದಿರಬೇಕು. ಹಸಿರೆಲೆಗಳ ನಡುವೆ ಹಕ್ಕಿಯ ಕಣ್ಣಿಗೆ ಬೇಗ ಬೀಳುವ ಅಂಥವು ವಿರಳ. ವಿಕಿರಣದ ಆ ಮೊದಲ ವಾರಗಳಲ್ಲಿ ಹಸಿರಿನವು ಹೆಚ್ಚು ಸತ್ತವು, ಕಪ್ಪಿನವು ಕಡಿಮೆ ಸತ್ತವು. ಮುಂದಿನ ವರ್ಷ ವಟಗುಟ್ಟಲು ಉಳಿದವರ ಮಕ್ಕಳೇ ಇಂದಿನ ಕರಿಗಪ್ಪೆಗಳು. ಅಂದಿನಿಂದ ಹತ್ತಕ್ಕೂ ಹೆಚ್ಚು ತಲೆಮಾರು ಕಳೆದಿವೆ. ಅಪಘಾತಕ್ಕೆ ಮುಂಚಿನ ಕಪ್ಪೆಗಳ ಬಣ್ಣವನ್ನು ಅಲ್ಲಿ ಯಾರೂ ಅಳೆದಿಟ್ಟಿರಲಿಲ್ಲವಾದ್ದರಿಂದ ಇದನ್ನು ಕಣ್ಣಾರೆ ಕಂಡ ಸಾಕ್ಷ್ಯ ಎನ್ನುವಂತಿಲ್ಲ. ಆದರೆ ಬಣ್ಣ ಹಳೆಯ ನಕ್ಷೆಗೆ ತಾಳೆಯಾಗುವುದಕ್ಕೆ ಸಂಶೋಧಕರು ಕೊಡುವ ವಿವರಣೆ ಇದೇ.

ನಮ್ಮ ಮನೆಯ ಸೊಳ್ಳೆಗಳದ್ದೂ ಇದೇ ಕತೆ. ಮಲೇರಿಯಾ ನಿರ್ಮೂಲನದ ಕಾಲದಲ್ಲಿ ಮನೆಮನೆಗೆ ಡಿಡಿಟಿ ಹೊಡೆದರು. ಕೆಲವು ವರ್ಷಗಳ ನಂತರ ‘ಸೊಳ್ಳೆಗೆ ಡಿಡಿಟಿ ಅಭ್ಯಾಸವಾಗಿಬಿಟ್ಟಿದೆ’ ಎಂದು ಎಲ್ಲರೂ ಹೇಳತೊಡಗಿದರು. ಯಾವ ಸೊಳ್ಳೆಗೂ ಅಭ್ಯಾಸವಾಗಿರಲಿಲ್ಲ. ಸಾಯುವವು ಸತ್ತಿದ್ದವು, ಸಾಯದವುಗಳ ಸಂತಾನ ನಮ್ಮ ಕಿವಿಯ ಬಳಿ ಹಾಡುತ್ತಿತ್ತು. ‘ಹೊಂದಿಕೊಳ್ಳುವುದು’ ಎಂಬ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೊಸ ಸೊಸೆ ಮನೆಗೆ ಹೊಂದಿಕೊಂಡಂತೆ, ಹಾಸ್ಟೆಲ್ ಊಟಕ್ಕೆ ಹುಡುಗ ಹೊಂದಿಕೊಂಡಂತೆ ಜೀವಿಯೊಂದು ವಿಕಿರಣಕ್ಕೆ ಹೊಂದಿಕೊಳ್ಳುವುದಿಲ್ಲ. ಹೊಂದಿಕೊಳ್ಳುವುದು ವಂಶ. ಅದರ ವೆಚ್ಚವನ್ನು ಜೀವಗಳ ಲೆಕ್ಕದಲ್ಲಿ ಪಾವತಿ ಮಾಡಬೇಕಾಗುತ್ತದೆ.

ಜಪಾನಿನ ಒಂದು ಚಿಟ್ಟೆಯಲ್ಲಿ ಈ ಪಾವತಿಯ ರಸೀದಿಯೇ ಸಿಕ್ಕಿತು. 2011ರ ಮಾರ್ಚ್ 11ರಂದು ಸುನಾಮಿಯ ಹೊಡೆತಕ್ಕೆ ಫುಕುಶಿಮಾ ಸ್ಥಾವರ ನುಚ್ಚುನೂರಾದಾಗ ಅಲ್ಲಿನ ಹುಲ್ಲಿನಲ್ಲಿ ಬೂದುನೀಲಿ ಬಣ್ಣದ ಪುಟ್ಟ ಚಿಟ್ಟೆಯೊಂದು ಮರಿಹುಳುವಾಗಿ ಚಳಿಗಾಲ ಕಳೆಯುತ್ತಿತ್ತು. ಇದು ನಮಗೆ ಅಪರಿಚಿತವೇನಲ್ಲ. ಇದೇ ಪ್ರಭೇದ ಕರ್ನಾಟಕದ ಹುಲ್ಲುಹಾಸುಗಳಲ್ಲೂ ಮೊಣಕಾಲೆತ್ತರದಲ್ಲಿ ಹಾರುತ್ತಿರುತ್ತದೆ. ಮಕ್ಕಳು ಕಿತ್ತು ತಿನ್ನುವ ಹುಳಿರುಚಿಯ ಮೂರೆಲೆಯ ಸೊಪ್ಪಿನ ಮೇಲೆ ಮೊಟ್ಟೆ ಇಡುತ್ತದೆ. ಒಕಿನಾವಾದ ರ್‍ಯುಕ್ಯು ವಿಶ್ವವಿದ್ಯಾಲಯದ ಸಂಶೋಧಕರು ಆ ಮೇ ತಿಂಗಳಿನಲ್ಲಿ ಹಿಡಿದ ಚಿಟ್ಟೆಗಳಲ್ಲಿ ಶೇಕಡಾ ಸುಮಾರು 12ರಷ್ಟಕ್ಕೆ ರೆಕ್ಕೆ, ಕಣ್ಣು, ಕಾಲುಗಳಲ್ಲಿ ಊನವಿತ್ತು. ಸೆಪ್ಟೆಂಬರಿನಲ್ಲಿ ಹಿಡಿದವುಗಳಲ್ಲಿ ಅದು ಶೇಕಡಾ 28ಕ್ಕೆ ಏರಿತ್ತು. ಅಧ್ಯಯನದ ವಿಧಾನದ ಬಗ್ಗೆ ಟೀಕೆಗಳೂ ಬಂದವು. ತಂಡ ಬಿಡದೆ ಲೆಕ್ಕ ಇಡುತ್ತ ಹೋಯಿತು. ಎರಡು ವರ್ಷಗಳ ನಂತರ ಊನದ ಪ್ರಮಾಣ ಸಾಮಾನ್ಯ ಮಟ್ಟಕ್ಕೆ ಇಳಿದಿತ್ತು. ಚಿಟ್ಟೆಗಳು ಗುಣವಾದವೆ? ಇಲ್ಲ. ಊನವಾದವು ಮೊಟ್ಟೆಯಿಡದೆ ಅಳಿದವು. 2013ರಲ್ಲಿ ಬಂದು ನೋಡಿದವರಿಗೆ ‘ಎಲ್ಲ ಸರಿಯಾಗಿದೆಯಲ್ಲ’ ಎನಿಸುತ್ತಿತ್ತು.

ಈಗ ಚೆರ್ನೋಬಿಲ್‌ಗೆ ಬಂದು ನೋಡಿದವರಿಗೂ ಹಾಗೇ ಅನಿಸುತ್ತದೆ. ಪ್ರಿಪ್ಯಾಟ್‌ನ ಬಹುಮಹಡಿ ಕಟ್ಟಡಗಳ ಬಾಲ್ಕನಿಗಳಲ್ಲಿ ಮರ ಬೆಳೆದಿವೆ. ಎಲ್ಕ್ ಎಂಬ ದೈತ್ಯ ಜಿಂಕೆ ಮುಖ್ಯರಸ್ತೆ ದಾಟುತ್ತದೆ. ಶತಮಾನದಿಂದ ಅಲ್ಲಿ ಕಾಣದಿದ್ದ ಕಂದುಕರಡಿ ಕ್ಯಾಮೆರಾ ಬೋನಿಗೆ ಬಿದ್ದಿದೆ. 1998ರಲ್ಲಿ ತಂದು ಬಿಡಲು ಆರಂಭಿಸಿದ ಮೂವತ್ತರಷ್ಟು ಮಂಗೋಲಿಯಾ ಮೂಲದ ಕಾಡುಕುದುರೆಗಳು ನೂರು ದಾಟಿವೆ. 2015ರಲ್ಲಿ ಪ್ರಕಟವಾದ ಗಣತಿಯಂತೆ ಬೆಲಾರುಸ್ ಭಾಗದಲ್ಲಿ ಎಲ್ಕ್, ಜಿಂಕೆ, ಕಾಡುಹಂದಿಗಳು ವಿಕಿರಣವಿಲ್ಲದ ಇತರ ಅಭಯಾರಣ್ಯಗಳಲ್ಲಿ ಇರುವಷ್ಟೇ ಇದ್ದವು. ತೋಳಗಳಂತೂ ಏಳು ಪಟ್ಟು ಹೆಚ್ಚು.

ಇದನ್ನು ಹಿಡಿದುಕೊಂಡು ‘ವಿಕಿರಣ ಎಂದರೆ ಸುಮ್ಮನೆ ಗುಮ್ಮ’ ಎನ್ನುವವರಿದ್ದಾರೆ. ಆದರೆ ತೋಳಗಳು ಹೆಚ್ಚಿದ್ದು ಸೀಸಿಯಂ ತಿಂದಲ್ಲ. ಬಂದೂಕು ಹೋಯಿತು, ಉಳುಮೆ ಹೋಯಿತು, ರಸ್ತೆಯಲ್ಲಿ ವಾಹನ ನಿಂತಿತು, ಬೇಲಿ ಬಿದ್ದಿತು. ನಲವತ್ತು ವರ್ಷಗಳಿಂದ ಅಲ್ಲಿ ಮನುಷ್ಯನ ಕಾಟವಿಲ್ಲ. ಕಾಡುಪ್ರಾಣಿಗಳ ತಕ್ಕಡಿಯಲ್ಲಿ ಒಂದು ಕಡೆ ಸೀಸಿಯಮ್ಮನ್ನೂ ಇನ್ನೊಂದು ಕಡೆ ನಮ್ಮನ್ನೂ ಇಟ್ಟರೆ ನಮ್ಮ ತಟ್ಟೆಯೇ ಕೆಳಗೆ ಹೋಗುತ್ತದೆ. ಇದು ವಿಕಿರಣಕ್ಕೆ ಸಿಕ್ಕ ಸರ್ಟಿಫಿಕೇಟ್ ಅಲ್ಲ, ನಮಗೆ ಸಿಕ್ಕ ಛೀಮಾರಿ.

ತಲೆಗಳ ಗಣತಿ ಚರ್ಮದೊಳಗಿನ ಸಂಗತಿಯನ್ನು ಹೇಳುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಾರಾ ಲವ್ ಮತ್ತು ಸಂಗಡಿಗರು 2014ರಲ್ಲಿ ಅಲ್ಲಿನ ತೋಳಗಳ ಕೊರಳಿಗೆ ವಿಕಿರಣ ಅಳೆಯುವ ಪಟ್ಟಿ ಕಟ್ಟಿದರು. ಸ್ಥಾವರದ ಕೆಲಸಗಾರನಿಗೆ ಕಾನೂನು ಅನುಮತಿಸುವ ಮಿತಿಯ ಆರು ಪಟ್ಟು ವಿಕಿರಣ ಆ ತೋಳಗಳ ಮೈಗೆ ನಿತ್ಯವೂ ತಾಗುತ್ತಿತ್ತು. ಅವುಗಳ ರೋಗನಿರೋಧ ವ್ಯವಸ್ಥೆ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿರುವ ರೋಗಿಗಳದ್ದನ್ನು ಹೋಲುತ್ತದೆಂದೂ, ಕ್ಯಾನ್ಸರನ್ನು ತಾಳಿಕೊಳ್ಳಲು ನೆರವಾಗುವಂಥ ಜೀನ್‌ಗಳು ಅವುಗಳಲ್ಲಿ ಆಯ್ಕೆಗೊಂಡಿರುವ ಸೂಚನೆಗಳಿವೆಯೆಂದೂ 2024ರ ಸಮ್ಮೇಳನವೊಂದರಲ್ಲಿ ಅವರು ಹೇಳಿದರು. ಇದಿನ್ನೂ ಆರಂಭದ ಫಲಿತಾಂಶ. ಅದು ಖಚಿತವಾದರೆ ಮನುಷ್ಯರ ಕ್ಯಾನ್ಸರ್ ಚಿಕಿತ್ಸೆಗೂ ಸುಳಿವು ಸಿಕ್ಕೀತು.

ಹಕ್ಕಿಗಳ ಕತೆಯೂ ಬರಿಯ ಗೆಲುವಿನದಲ್ಲ. ಟಿಮೊಥಿ ಮೂಸೊ ಮತ್ತು ಆಂಡರ್ಸ್ ಮೋಲರ್ ಎಂಬಿಬ್ಬರು ವರ್ಷಾನುಗಟ್ಟಲೆ ಅಲ್ಲಿ ಬಲೆ ಕಟ್ಟಿ ಹಕ್ಕಿ ಹಿಡಿದು ಪರೀಕ್ಷಿಸಿದ್ದಾರೆ. ಕೊಟ್ಟಿಗೆಯ ಸೂರಿನಲ್ಲಿ ಗೂಡು ಕಟ್ಟುವ, ಕವಲು ಬಾಲದ ಸ್ವಾಲೋ ಹಕ್ಕಿಗಳ ಗರಿಗಳಲ್ಲಿ ಬಿಳಿ ಮಚ್ಚೆ, ಕಣ್ಣಿನಲ್ಲಿ ಪೊರೆ, ಮೈಮೇಲೆ ಗಂತಿಗಳನ್ನು ಕಂಡಿದ್ದಾರೆ. ವಿಕಿರಣ ಹೆಚ್ಚಿದ್ದಲ್ಲಿ ಹಕ್ಕಿಗಳ ಮೆದುಳು ಸರಾಸರಿ ಶೇಕಡಾ 5ರಷ್ಟು ಚಿಕ್ಕದೆಂದು ಅಳೆದಿದ್ದಾರೆ. ಅವರ ಲೆಕ್ಕಗಳನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಅದೇ ಇಬ್ಬರು ಪಾಲ್ಗೊಂಡ 2014ರ ಇನ್ನೊಂದು ಅಧ್ಯಯನ ಹಕ್ಕಿಗಳ ಪರವಾಗಿಯೂ ಸಾಕ್ಷಿ ಹೇಳಿತು. 16 ಪ್ರಭೇದಗಳ 152 ಹಕ್ಕಿಗಳ ರಕ್ತ ಪರೀಕ್ಷಿಸಿದಾಗ, ಪುಂಡ ಅಣುಗಳನ್ನು ಹತ್ತಿಕ್ಕುವ ಗ್ಲುಟಾಥಯೋನ್ ಎಂಬ ವಸ್ತು ವಿಕಿರಣ ಹೆಚ್ಚಿದಂತೆ ಅನೇಕ ಹಕ್ಕಿಗಳಲ್ಲಿ ಹೆಚ್ಚಿತ್ತು. ಡಿಎನ್‌ಎಗೆ ಆದ ಏಟು ಕಡಿಮೆಯಿತ್ತು. ಕೆಂಗಂದು ಬಣ್ಣದ ಗರಿಯುಳ್ಳ ಹಕ್ಕಿಗಳಿಗೆ ಮಾತ್ರ ಈ ಭಾಗ್ಯ ಕಡಿಮೆ. ಏಕೆಂದರೆ ಆ ಬಣ್ಣ ತಯಾರಿಸಲು ಅದೇ ಗ್ಲುಟಾಥಯೋನ್ ಖರ್ಚಾಗಿ ಹೋಗುತ್ತದೆ. ಕಪ್ಪು ಬಣ್ಣ ಕಪ್ಪೆಯನ್ನು ಕಾಯಿತು, ಕೆಂಗಂದು ಬಣ್ಣ ಹಕ್ಕಿಗೆ ಮುಳುವಾಯಿತು. ಯಾವ ಅಂಗಿ ಯಾವಾಗ ಕಾಯುತ್ತದೆಂದು ಮೊದಲೇ ತಿಳಿದು ತೊಟ್ಟವರಿಲ್ಲ.

ಇನ್ನು ಬೂಷ್ಟಿನ ವಿಷಯ. ಸಿಡಿದ ರಿಯಾಕ್ಟರಿನ ಗೋಡೆಗಳ ಮೇಲೆಯೇ ಕಪ್ಪು ಬೂಷ್ಟು ಬೆಳೆದದ್ದನ್ನು ಉಕ್ರೇನಿನ ನೆಲ್ಲಿ ಝ್ದಾನೋವಾ ತಂಡ 1990ರ ದಶಕದಲ್ಲಿ ಗುರುತಿಸಿತು. 2007ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಅಂಥ ಕಪ್ಪು ಬೂಷ್ಟುಗಳನ್ನು ಸಹಜಕ್ಕಿಂತ ಸುಮಾರು 500 ಪಟ್ಟು ವಿಕಿರಣದಲ್ಲಿಟ್ಟಾಗ ಅವು ಇನ್ನೂ ಚುರುಕಾಗಿ ಬೆಳೆದವು. ಎಲೆ ಬಿಸಿಲನ್ನು ಬಳಸಿಕೊಳ್ಳುವಂತೆ ಬೂಷ್ಟು ಮೆಲನಿನ್ ಮೂಲಕ ವಿಕಿರಣವನ್ನೇ ಬಳಸಿಕೊಳ್ಳುತ್ತಿದೆಯೇ ಎಂಬ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ.

ಇಂಥ ಕಡೆ ಅವಸರ ಮಾಡಿದರೆ ಏನಾಗುತ್ತದೆಂಬುದಕ್ಕೆ ಇಲಿಗಳ ಕತೆ ಇದೆ. 1996ರ ಏಪ್ರಿಲ್‌ನಲ್ಲಿ, ದುರಂತಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ವಾರ, ‘ನೇಚರ್’ ಪತ್ರಿಕೆಯಲ್ಲಿ ಅಮೆರಿಕದ ರಾಬರ್ಟ್ ಬೇಕರ್ ತಂಡದ ಲೇಖನ ಬಂತು. ಚೆರ್ನೋಬಿಲ್‌ನ ವೋಲ್ ಎಂಬ ಕಾಡಿಲಿಗಳ ಜೀನ್‌ಗಳು ಹಿಂದೆಂದೂ ಕಾಣದ ವೇಗದಲ್ಲಿ ಬದಲಾಗುತ್ತಿವೆ ಎಂದಿತ್ತು. ಎಲ್ಲೆಡೆ ಸುದ್ದಿಯಾಯಿತು. ನಂತರ ಹೊಸ ಯಂತ್ರದಲ್ಲಿ ಅವೇ ಮಾದರಿಗಳನ್ನು ಮತ್ತೆ ಓದಿದಾಗ ಆ ಬದಲಾವಣೆಗಳೇ ಕಾಣಲಿಲ್ಲ. 1997ರಲ್ಲಿ ಅವರೇ ಅದೇ ಪತ್ರಿಕೆಯಲ್ಲಿ ಲೇಖನವನ್ನು ಹಿಂದಕ್ಕೆ ಪಡೆದರು. ಗುಡ್ಡ ಅಗೆದು ಹಿಡಿದ ಇಲಿಯನ್ನು ತಾವೇ ಬಿಟ್ಟುಕೊಡುವುದಕ್ಕೂ ಧೈರ್ಯ ಬೇಕು.

ನಾಯಿಗಳದ್ದೂ ಹಾಗೇ. ಗುಂಡೇಟಿನಿಂದ ಪಾರಾದವುಗಳ ಸಂತತಿ ಎನ್ನಲಾದ 302 ನಾಯಿಗಳ ಡಿಎನ್‌ಎ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಸ್ಥಾವರದ ಬಳಿಯ ನಾಯಿಗಳೂ 15 ಕಿಲೊಮೀಟರ್ ದೂರದ ಚೆರ್ನೋಬಿಲ್ ಪಟ್ಟಣದ ನಾಯಿಗಳೂ ತಳಿಯಲ್ಲಿ ಬೇರೆಬೇರೆ ಎಂದು ಗೊತ್ತಾಯಿತು. ವಿಕಿರಣದ ಕೈವಾಡವೇ ಎಂದು ಮುಂದಿನ ವರ್ಷ ಮತ್ತೆ ಹುಡುಕಿದಾಗ ಮ್ಯುಟೇಶನ್ ಹೆಚ್ಚಿದ ಗುರುತು ಸಿಗಲಿಲ್ಲ. ಎರಡು ಬೀದಿಯ ನಾಯಿಗಳು ತಮ್ಮತಮ್ಮಲ್ಲೇ ಬೆರೆತರೂ ತಳಿ ಬೇರೆಯಾದೀತು.

ಹಾಗಾದರೆ 1986ರಲ್ಲಿ ಬರಿದಾದ ಕಾಡು ತುಂಬಿಕೊಂಡದ್ದು ಹೇಗೆ? ಬಹುಪಾಲು ಉತ್ತರ ಒಂದೇ ಪದ: ವಲಸೆ. ತರಗೆಲೆಯ ಹುಳುಗಳು ಎರಡೂವರೆ ವರ್ಷದಲ್ಲಿ ಸಂಖ್ಯೆಯಲ್ಲಿ ಚೇತರಿಸಿಕೊಂಡದ್ದಕ್ಕೆ ಹೊರಗಿನಿಂದ ಹೊಸಬರು ಬಂದದ್ದು ಮುಖ್ಯ ಕಾರಣ. ಇಲಿಗಳೂ ಹಾಗೇ ಬಂದವು. ತೋಳ, ಎಲ್ಕ್, ಹಂದಿ, ಮರಗಪ್ಪೆ ಎಲ್ಲವೂ ಯುರೋಪಿನ ಉದ್ದಗಲಕ್ಕೆ ಹರಡಿದ ದೊಡ್ಡ ಬಳಗದವು. ಒಂದು ಮೂಲೆಯಲ್ಲಿ ಲಕ್ಷ ಸತ್ತರೂ ಉಳಿದ ಮೂಲೆಗಳಿಂದ ತುಂಬಿಕೊಳ್ಳುವಷ್ಟು ಬಂಡವಾಳ ಅವಕ್ಕಿತ್ತು. ಅಷ್ಟು ದೊಡ್ಡ ಗುಂಪಿನಲ್ಲಿ ಅಕಸ್ಮಾತ್ ಕಪ್ಪಾಗಿ ಹುಟ್ಟಿದವೂ ಇದ್ದವು.

ಈ ಬಂಡವಾಳ ಎಲ್ಲರಿಗೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನಂಥ ಜಡ್ಡಿನ ಕಾಡುಗಳಲ್ಲಿ ‘ಕುಂಬಾರ ಕಪ್ಪೆ’ ಇದೆ. ಗಂಡು ಕಪ್ಪೆ ಮುಂಗಾಲಿನಲ್ಲಿ ಕೆಸರು ಬಾಚಿ, ಹೆಣ್ಣು ಇಟ್ಟ ಮೊಟ್ಟೆಗಳಿಗೆ ಕುಂಬಾರನಂತೆ ಮೆತ್ತುತ್ತದೆ. 2014ರಲ್ಲಷ್ಟೇ ವಿಜ್ಞಾನ ಇದಕ್ಕೆ ಹೆಸರಿಟ್ಟಿತು. ಪಶ್ಚಿಮ ಘಟ್ಟದ ಚಿಕ್ಕದೊಂದು ಭಾಗ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದಕ್ಕೆ ನೆಂಟರಿಷ್ಟರಿಲ್ಲ. ಅದೇ ಜಿಲ್ಲೆಯ ಕಾಳಿ ಕಣಿವೆಯಲ್ಲಿ ಕೈಗಾ ಅಣುಸ್ಥಾವರ 2000ದಿಂದ ವಿದ್ಯುತ್ ಕೊಡುತ್ತಿದೆ. ಅಲ್ಲೇನೋ ಆಗಿದೆ, ಆಗಲಿದೆ ಎಂದು ಹೆದರಿಸಲು ಈ ಮಾತು ಹೇಳುತ್ತಿಲ್ಲ. ‘ಚೆರ್ನೋಬಿಲ್‌ನಲ್ಲೇ ಕಾಡು ಚಿಗುರಿದೆಯಂತೆ, ನಿಸರ್ಗ ಎಲ್ಲವನ್ನೂ ತಡೆದುಕೊಳ್ಳುತ್ತದೆ’ ಎಂಬ ಸಮಾಧಾನವನ್ನು ಯಾವುದೇ ಘಟ್ಟದ ಕಾಡಿನ ಬಗ್ಗೆ ಯಾರೇ ಹೇಳಿದರೂ ಒಂದು ಪ್ರಶ್ನೆ ಕೇಳಬೇಕು: ಇಲ್ಲಿ ಸತ್ತವರ ಜಾಗಕ್ಕೆ ಎಲ್ಲಿಂದ ಬರುತ್ತಾರೆ?

ಮನುಷ್ಯರ ಮಟ್ಟಿಗಂತೂ ಆ ಸಮಾಧಾನ ಸಲ್ಲದು. ಹತ್ತರಲ್ಲಿ ಒಂಬತ್ತು ಗೊದಮೊಟ್ಟೆ ಸತ್ತರೂ ಕಪ್ಪೆಯ ಸಂಸಾರ ನಡೆಯುತ್ತದೆ. ನಮ್ಮ ಮನೆಯಲ್ಲಿ ಒಂದು ಮಗುವಿಗೆ ಗಂಟಲಲ್ಲಿ ಗಂತಿ ಕಂಡರೆ ಬದುಕೇ ನಿಲ್ಲುತ್ತದೆ. ಚೆರ್ನೋಬಿಲ್‌ನ ನಂತರ ಕಲುಷಿತ ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ‘ಜನಸಮೂಹ ಒಟ್ಟಾರೆ ಹೊಂದಿಕೊಂಡಿದೆ’ ಎಂದು ಆ ತಾಯಂದಿರಿಗೆ ಯಾರು ಹೇಳಬಲ್ಲರು?

ಈ ಲೆಕ್ಕವನ್ನು ಪೂರ್ತಿ ಮಾಡುವ ಕೆಲಸವೂ ಈಗ ಕಷ್ಟಕ್ಕೆ ಸಿಕ್ಕಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾದ ಸೇನೆ ಚೆರ್ನೋಬಿಲ್ ವಲಯದೊಳಗೆ ನುಗ್ಗಿ, ಕಂದಕ ತೋಡಿ, ಮಾರ್ಚ್ ಕೊನೆಗೆ ಹಿಂದಿರುಗಿತು. ನೆಲಬಾಂಬುಗಳು ಉಳಿದವು. ರಾತ್ರಿ ಟಾರ್ಚ್ ಹಿಡಿದು ಕುಂಟೆಯ ಸುತ್ತ ಓಡಾಡುವುದು ಮೊದಲಿನಷ್ಟು ಸುಲಭವಲ್ಲ. 2025ರ ಫೆಬ್ರುವರಿ 14ರಂದು ಡ್ರೋನ್ ಒಂದು ಬಡಿದು, ಸಿಡಿದ ರಿಯಾಕ್ಟರಿಗೆ 2016ರಲ್ಲಿ ಮುಚ್ಚಿದ್ದ ಉಕ್ಕಿನ ಭಾರೀ ಚಾವಣಿಯಲ್ಲಿ ತೂತಾಯಿತು. ಅದರಡಿಯ ಸೀಸಿಯಂ ಅರ್ಧಕ್ಕೆ ಇಳಿಯಲು 30 ವರ್ಷ ಬೇಕು, ಪ್ಲುಟೋನಿಯಮ್ಮಿಗೆ 24 ಸಾವಿರ ವರ್ಷ.

ಅಷ್ಟು ತಲೆಮಾರುಗಳವರೆಗೆ ಕಪ್ಪೆಗಳು ಅಲ್ಲಿ ವಟಗುಟ್ಟುತ್ತಲೇ ಇರಬಹುದು. ಕೇಳುವವರು ಅದನ್ನು ಗೆಲುವಿನ ಹಾಡೆಂದುಕೊಂಡರೆ ತಪ್ಪೇನಿಲ್ಲ. 1986ರ ಆ ಬೇಸಿಗೆಯಲ್ಲಿ ಸುಮ್ಮನಾದ ಹಸಿರು ಕಪ್ಪೆಗಳ ಲೆಕ್ಕವನ್ನೂ ಜೊತೆಗಿಟ್ಟುಕೊಂಡು ಕೇಳಬೇಕು, ಅಷ್ಟೆ.